ಬೇಸಿಗೆಯ ಬಿಸಿಲು ಹಾಗೂ ಗಾಳಿ-ಮಳೆಯಲ್ಲಿ ಕೈತೋಟದ ನಿರ್ವಹಣೆ: ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದಲ್ಲಿ ಮನೆಯ ಹಿತ್ತಲಿನಲ್ಲಿ ನಾಲ್ಕಾರು ಮಡಿ ಪಲ್ಯ, ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಗಿಡ ಬೆಳೆಸಿಕೊಂಡಿರುವ ಕುಟುಂಬಗಳು ಅನೇಕ. ಸಂತೆಯಲ್ಲಿ ಸೊಪ್ಪು, ತರಕಾರಿಗಳ ಬೆಲೆ ಏರುವ ಬೇಸಿಗೆಯಲ್ಲಿಯೇ ಕೈತೋಟದ ಅವಶ್ಯಕತೆ ಹೆಚ್ಚು. ಅದನ್ನು ಉಳಿಸಿಕೊಳ್ಳುವುದು ಕಠಿಣವಾಗುವುದೂ ಅದೇ ಅವಧಿಯಲ್ಲಿ. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಕೊಡದಿಂದ ನೀರು ಹೊತ್ತು ಉಳಿಸಿದ ಗಿಡವು ಮೇ ತಿಂಗಳ ಒಂದೇ ದೊಡ್ಡ ಮಳೆಗೆ ಬೇರು ಕೊಳೆತು, ಇಲ್ಲವೇ ಗಾಳಿಗೆ ಮುರಿದು ಹಾಳಾಗುವುದುಂಟು. ಆದುದರಿಂದ ಬಿಸಿಲು ಮತ್ತು ಮಳೆ ಎರಡಕ್ಕೂ ಒದಗುವ ಸಿದ್ಧತೆಯನ್ನು ಬೇಸಿಗೆಯ ಆರಂಭದಲ್ಲಿಯೇ ಮಾಡಿಕೊಳ್ಳುವುದು ಸೂಕ್ತ. ಈ ಕುರಿತ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಹವಾಗುಣ ಮತ್ತು ಮಣ್ಣು

2009ರ ಡಿಸೆಂಬರ್ 30ರಂದು ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಯಾದಗಿರಿ ಜಿಲ್ಲೆಯು ಒಣಹವೆಯ ಪ್ರದೇಶವಾಗಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮೂರೂ ಪಟ್ಟಣಗಳು ಕಲ್ಲುಬೆಟ್ಟಗಳ ಬದಿಯಲ್ಲಿವೆ. ಹಗಲು ಕಾದ ಬಂಡೆ ಹಾಗೂ ಕಲ್ಲಿನ ಗೋಡೆಗಳು ರಾತ್ರಿಯೂ ಶಾಖವನ್ನು ಹೊರಸೂಸುವುದರಿಂದ, ಗೋಡೆಗೆ ಅಂಟಿಕೊಂಡಿರುವ ಗಿಡಗಳಿಗೆ ರಾತ್ರಿಯಲ್ಲಿಯೂ ತಂಪು ದೊರೆಯುವುದಿಲ್ಲ.

ಈ ಭಾಗದಲ್ಲಿ ಮುಖ್ಯವಾಗಿ ಎರಡು ಬಗೆಯ ಮಣ್ಣು ಕಂಡುಬರುತ್ತದೆ.

ಅ) ಎರೆ ಮಣ್ಣು: ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಎಳೆಯ ಬೇರುಗಳು ಹರಿಯುತ್ತವೆ ಹಾಗೂ ಆಳದ ತೇವವೂ ಆರುತ್ತದೆ. ಮಳೆ ಬಂದು ಬಿರುಕು ಮುಚ್ಚಿದ ನಂತರ ನೀರು ಇಂಗದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಬೇರಿಗೆ ಆದ ಗಾಯವೇ ಮಳೆಗಾಲದಲ್ಲಿ ಕೊಳೆರೋಗಕ್ಕೆ ದಾರಿಯಾಗುತ್ತದೆ.

ಆ) ಮಸಾರಿ ಮಣ್ಣು: ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಬಿರುಸಿನ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ತಮ್ಮ ಹಿತ್ತಲಿನ ಮಣ್ಣು ಯಾವುದೆಂದು ತಿಳಿದ ನಂತರವೇ ಮುಂದಿನ ಕ್ರಮಗಳನ್ನು ಅನುಸರಿಸತಕ್ಕದ್ದು.

2. ಮಡಿ ಮತ್ತು ಹೊದಿಕೆ

ಎರೆ ಮಣ್ಣಿನಲ್ಲಿ ಮಡಿಗಳನ್ನು ನೆಲಮಟ್ಟದಿಂದ ಸುಮಾರು ಅರ್ಧ ಅಡಿ ಎತ್ತರಿಸಿ, ಸುತ್ತ ಕಾಲುವೆ ತೆಗೆದು, ಅದರ ಇಳಿಜಾರನ್ನು ಹಿತ್ತಲಿನ ಹೊರಗೆ ಅಥವಾ ಇಂಗು ಗುಂಡಿಯ ಕಡೆಗೆ ಕೊಡಬೇಕು. ಎತ್ತರಿಸಿದ ಮಡಿಯು ಬಿಸಿಲಿಗೆ ಬೇಗ ಒಣಗುವುದರಿಂದ ಹೊದಿಕೆ ಇಲ್ಲದೆ ಈ ವಿಧಾನವನ್ನು ಅನುಸರಿಸಬಾರದು. ಮಸಾರಿ ಮಣ್ಣಿನಲ್ಲಿ ಮಡಿಯನ್ನು ಸ್ವಲ್ಪ ತಗ್ಗಾಗಿಯೇ ಮಾಡಿ, ಹೆಚ್ಚಾದ ನೀರು ಹೊರಹೋಗಲು ಒಂದು ಕಡೆ ಬಾಯಿ ಬಿಡಬೇಕು. ಎರಡೂ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಸೇರಿಸುವುದು ಅಗತ್ಯ. ಎರೆ ಮಣ್ಣಿಗೆ ಕೇವಲ ಒಂದೆರಡು ಬುಟ್ಟಿ ಮರಳು ಬೆರೆಸುವುದರಿಂದ ಪ್ರಯೋಜನವಾಗುವುದಿಲ್ಲ.

ಹೊದಿಕೆಗೆ ಹಣ ವ್ಯಯಿಸಬೇಕಾಗಿಲ್ಲ. ಶೇಂಗಾ ಹೊಟ್ಟು, ಜೋಳದ ರವದಿ, ಭತ್ತದ ಹುಲ್ಲು, ಒಣ ಎಲೆ ಇವುಗಳಲ್ಲಿ ಲಭ್ಯವಿರುವುದನ್ನು 2ರಿಂದ 3 ಅಂಗುಲ ದಪ್ಪಕ್ಕೆ ಹರಡಬಹುದು. ಹೊದಿಕೆಯು ಬಿಸಿಲಿನಲ್ಲಿ ತೇವ ಆರುವುದನ್ನು ಮತ್ತು ಮಣ್ಣು ಬಿರಿಯುವುದನ್ನು ತಡೆಯುತ್ತದೆ. ಬಿರುಮಳೆಯಲ್ಲಿ ಮಣ್ಣು ಎಲೆಗಳಿಗೆ ಸಿಡಿಯುವುದನ್ನೂ ತಡೆಯುತ್ತದೆ. ಬುಡದಿಂದ 4 ಅಂಗುಲ ಜಾಗ ಬಿಡತಕ್ಕದ್ದು. ಇಲ್ಲವಾದಲ್ಲಿ ಗೆದ್ದಲು ಹಾಗೂ ಕಾಂಡ ಕೊಳೆಯುವ ಬಾಧೆ ಉಂಟಾಗುತ್ತದೆ. ಒಣ ಹೊದಿಕೆಯ ಸಮೀಪ ಒಲೆ ಅಥವಾ ಕಸ ಸುಡುವ ಬೆಂಕಿ ಇರಕೂಡದು. ಹೊದಿಕೆಯಲ್ಲಿ ಹಾವು, ಚೇಳು ಸೇರಬಹುದಾದ್ದರಿಂದ ಬರಿಗೈಯಿಂದ ತೆಗೆಯಬಾರದು.

3. ನೀರಿನ ನಿರ್ವಹಣೆ

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ಪ್ರದೇಶದಲ್ಲಿಯೂ ಬೇಸಿಗೆಯಲ್ಲಿ ಸಾಮಾನ್ಯವಾಗಿ ಕಾಲುವೆಗೆ ನೀರು ನಿಲ್ಲಿಸಲಾಗುವುದರಿಂದ ಕೈತೋಟವು ನಲ್ಲಿ, ಬಾವಿ ಅಥವಾ ಕೊಳವೆ ಬಾವಿಯನ್ನೇ ಅವಲಂಬಿಸಬೇಕಾಗುತ್ತದೆ. ಒಂದು ಚದರ ಮೀಟರ್ ಮಡಿಗೆ ಕಡುಬೇಸಿಗೆಯಲ್ಲಿ ದಿನಕ್ಕೆ ಸುಮಾರು 6ರಿಂದ 8 ಲೀಟರ್ ನೀರು ಬೇಕಾಗುತ್ತದೆ. ಹೊದಿಕೆ ಮತ್ತು ನೆರಳು ಇದ್ದಲ್ಲಿ ಈ ಪ್ರಮಾಣ ಗಣನೀಯವಾಗಿ ಕಡಿಮೆಯಾಗುತ್ತದೆ. ನೀರು ಹೊರುವ ಶ್ರಮವನ್ನು ಉಳಿಸಲು ಇದೇ ಪ್ರಥಮ ಉಪಾಯ.

- ಬೆಳಗ್ಗೆ ಬಿಸಿಲೇರುವ ಮೊದಲು ನೀರುಣಿಸಬೇಕು. ಗಾಳಿಯಲ್ಲಿ ತೇವ ಹೆಚ್ಚುವ ಮೇ ಕೊನೆಯಿಂದ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಬೇಕು.
- ಹಣ್ಣಿನ ಗಿಡಗಳಿಗೆ ದಿನವೂ ತಂಬಿಗೆಯಷ್ಟು ಹಾಕುವ ಬದಲು ಮೂರು-ನಾಲ್ಕು ದಿನಗಳಿಗೊಮ್ಮೆ ಬೇರಿನ ಆಳದವರೆಗೆ ಇಂಗುವಂತೆ ಕೊಡಬೇಕು. ಮೇಲೆ ಮೇಲೆ ನೀರು ಕೊಟ್ಟರೆ ಬೇರುಗಳು ಮೇಲೆಯೇ ಹರಡುತ್ತವೆ. ಅಂತಹ ಗಿಡ ಬಿಸಿಲಿಗೂ ಬಾಡುತ್ತದೆ, ಗಾಳಿಗೂ ಉರುಳುತ್ತದೆ.
- ಸುಟ್ಟ ಮಣ್ಣಿನ, ಹೊಳಪು ಲೇಪಿಸದ ಮಡಕೆಯನ್ನು ಗಿಡದ ಬದಿಯಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಬೇಕು. ನೀರು ಮಡಕೆಯ ಗೋಡೆಯಿಂದ ಜಿನುಗಿ ಬೇರಿಗೆ ತಲುಪುತ್ತದೆ. ಬಳ್ಳಿ ತರಕಾರಿಗಳಿಗೆ ಹಾಗೂ ಎಳೆಯ ಹಣ್ಣಿನ ಗಿಡಗಳಿಗೆ ಇದು ಉಪಯುಕ್ತ.
- ಮಣ್ಣಿನ ಮೇಲೆ ಬಿಳಿ ಪದರು ಕಂಡುಬಂದಲ್ಲಿ ಅದು ಉಪ್ಪಿನ ಅಂಶವಿರುವ ನೀರಿನ ಸೂಚನೆ. ಮಣ್ಣು ಮತ್ತು ನೀರು ಪರೀಕ್ಷೆ ಮಾಡಿಸದೆ ಜಿಪ್ಸಂ ಮುಂತಾದವುಗಳನ್ನು ಹಾಕಬಾರದು.
- ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಳಸಬಹುದು. ಸೋಪಿನ ನೀರನ್ನು ಸೊಪ್ಪಿನ ಮಡಿಗಳಿಗೆ ಬಿಡಬಾರದು. ನೀರು ಸಂಗ್ರಹಿಸಿದ ಪಾತ್ರೆಗಳನ್ನು ಸೊಳ್ಳೆ ಮೊಟ್ಟೆ ಇಡದಂತೆ ಮುಚ್ಚಿಡತಕ್ಕದ್ದು.

4. ನೆರಳು

ಮಧ್ಯಾಹ್ನದ ನಂತರದ ಪಶ್ಚಿಮದ ಬಿಸಿಲೇ ಹೆಚ್ಚು ಹಾನಿಕರ. ಮಡಿಯ ಪಶ್ಚಿಮಕ್ಕೆ ತೊಗರಿ ಕಟ್ಟಿಗೆಯ ತಡಿಕೆ ನಿಲ್ಲಿಸಿದರೂ ಸಾಕಾಗುತ್ತದೆ. ನೆರಳು ಪರದೆ ಬಳಸುವವರು ಶೇ. 35ರಿಂದ 50ರಷ್ಟು ನೆರಳು ನೀಡುವ ಪರದೆಯನ್ನು ಆಯ್ದುಕೊಳ್ಳಬೇಕು. ಪರದೆಯ ಒಂದು ಬದಿಯನ್ನು ಸುಲಭವಾಗಿ ಬಿಚ್ಚುವ ಗಂಟಿನಿಂದ ಕಟ್ಟಬೇಕು. ಮೋಡ ಕವಿದ ಕೂಡಲೇ ಬಿಚ್ಚಿ ಸುತ್ತಿಡದಿದ್ದರೆ ಗಾಳಿಯು ಪರದೆಯೊಂದಿಗೆ ಕಂಬಗಳನ್ನೂ ಕಿತ್ತು ಗಿಡಗಳ ಮೇಲೆ ಕೆಡವುತ್ತದೆ. ನಿಂಬೆ, ಪೇರಲ ಗಿಡಗಳ ಕಾಂಡಕ್ಕೆ ಎರಡು ಅಡಿಯವರೆಗೆ ಸುಣ್ಣ ಬಳಿದರೆ ತೊಗಟೆ ಸುಡುವುದಿಲ್ಲ.

5. ಬೆಳೆಗಳ ಆಯ್ಕೆ

ಪುಂಡಿ ಪಲ್ಯ, ರಾಜಗಿರಿ, ಬಸಳೆ, ಬೆಂಡೆ, ಚವಳಿಕಾಯಿ, ಹೀರೆ ಮತ್ತು ಬದನೆ ಬಿಸಿಲನ್ನು ತಾಳುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ರಾಜಗಿರಿ ತಳಿಯನ್ನು ಕಿತ್ತುಹಾಕದೆ ಹಲವು ಬಾರಿ ಕೊಯ್ಯಬಹುದು. ಮೆಂತ್ಯ, ಪಾಲಕ, ಕೊತ್ತಂಬರಿ ನೆರಳಿಲ್ಲದಿದ್ದರೆ ಬೇಗ ಹೂವಿಗೆ ಬರುತ್ತವೆ. ಟೊಮೆಟೊ ಗಿಡ ಹಸಿರಾಗಿದ್ದರೂ ಕಡುಬಿಸಿಲಿನಲ್ಲಿ ಹೂ ಉದುರುವುದು ಸಹಜ. ಇದಕ್ಕಾಗಿ ಗೊಬ್ಬರ ಹೆಚ್ಚಿಸಬಾರದು.

ನುಗ್ಗೆಯ ಕೊಂಬೆಗಳು ಮೆದುವಾಗಿದ್ದು ಗಾಳಿಗೆ ಮೊದಲು ಮುರಿಯುತ್ತವೆ. ಕಾಯಿ ಕೊಯ್ಲಾದ ನಂತರ ಉದ್ದನೆಯ ಕೊಂಬೆಗಳನ್ನು ಕತ್ತರಿಸಿ ಗಿಡವನ್ನು ಗಿಡ್ಡವಾಗಿಡಬೇಕು. ಹೊಸದಾಗಿ ನೆಡುವವರು ಬಾಗಲಕೋಟೆ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಗಿಡ್ಡ ತಳಿ ‘ಭಾಗ್ಯ’ವನ್ನು ಪರಿಗಣಿಸಬಹುದು.

6. ಮಳೆ ನಕ್ಷತ್ರಗಳ ಪ್ರಕಾರ ಕೆಲಸಗಳು

- ಅಶ್ವಿನಿ (ಏಪ್ರಿಲ್ ಮಧ್ಯದಿಂದ): ಒಣ ಕೊಂಬೆ ತೆಗೆಯುವುದು, ಪಪ್ಪಾಯ, ಬಾಳೆಗೆ ಊರುಗೋಲು ಕೊಡುವುದು, ಬಳ್ಳಿ ಚಪ್ಪರ ಬಿಗಿಗೊಳಿಸುವುದು.
- ಭರಣಿ (ಏಪ್ರಿಲ್ ಕೊನೆಯಿಂದ): ಮಾಳಿಗೆ ಅಂಚಿನ ಕುಂಡಗಳನ್ನು ಕೆಳಗಿಳಿಸುವುದು, ಸಡಿಲವಾದ ತಗಡುಗಳನ್ನು ಕಟ್ಟುವುದು.
- ಕೃತ್ತಿಕಾ (ಮೇ ಎರಡನೇ ವಾರದಿಂದ): ಕಾಲುವೆಗಳಲ್ಲಿನ ಕಸ ತೆಗೆದು, ಒಂದು ಕೊಡ ನೀರು ಸುರಿದು ಹರಿವು ಪರೀಕ್ಷಿಸುವುದು.
- ರೋಹಿಣಿ (ಮೇ ಕೊನೆಯಿಂದ): ಹೊಸ ಗಿಡಗಳಿಗೆ ಗುಂಡಿ ತೆಗೆದು ಗೊಬ್ಬರ ತುಂಬುವುದು.
- ಮಿರಗ (ಜೂನ್ ಎರಡನೇ ವಾರದಿಂದ): ಮಣ್ಣು ಚೆನ್ನಾಗಿ ಹಸಿಯಾದ ಮೇಲೆ ಗಿಡ ನೆಡುವುದು. ಒಂದೇ ಮಳೆ ನಂಬಿ ನೆಡಬಾರದು.

7. ಗಾಳಿ-ಮಳೆಯ ನಂತರ

ನಿಂತ ನೀರನ್ನು ಅದೇ ದಿನ ಹೊರಹಾಕತಕ್ಕದ್ದು. ಪಪ್ಪಾಯದ ಬೇರುಗಳು ಒಂದೆರಡು ದಿನ ನೀರಿನಲ್ಲಿ ನಿಂತರೂ ಕೊಳೆಯುತ್ತವೆ. ವಾಲಿದ ಗಿಡವನ್ನು ಮಣ್ಣು ಹಸಿಯಿರುವಾಗಲೇ ನಿಧಾನವಾಗಿ ಎತ್ತಿ, ಬುಡಕ್ಕೆ ಮಣ್ಣು ಏರಿಸಿ, ಗೂಟಕ್ಕೆ ಕಟ್ಟಬೇಕು. ಮುರಿದ ಕೊಂಬೆಯನ್ನು ಸೀಳು ಬಿಡದಂತೆ ನೀಟಾಗಿ ಕತ್ತರಿಸಬೇಕು. ಆಲಿಕಲ್ಲಿನಿಂದ ಗಾಯಗೊಂಡ ಹಣ್ಣಿನ ಗಿಡಗಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬಹುದು. ತಿನ್ನುವ ಸೊಪ್ಪಿನ ಮೇಲೆ ಅದು ಬೀಳಬಾರದು. ಹೊಸ ಚಿಗುರು ಕಾಣುವವರೆಗೆ ರಾಸಾಯನಿಕ ಗೊಬ್ಬರ ಕೊಡಬಾರದು. ಎಲೆ ಉದುರಿದ ಮಾತ್ರಕ್ಕೆ ಗಿಡ ಸತ್ತಿತೆಂದು ಕೀಳಬಾರದು. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಗಿಡ ಜೀವಂತವಾಗಿದೆ ಎಂದು ತಿಳಿಯಬಹುದು.

8. ಸುರಕ್ಷತೆ

ಗಿಡ ಹೋದರೆ ಮತ್ತೆ ನೆಡಬಹುದು. ಗಿಡ ಉಳಿಸಲು ಹೋಗಿ ಪ್ರಾಣಕ್ಕೆ ಅಪಾಯ ತಂದುಕೊಳ್ಳಬಾರದು. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಪರದೆ, ಕುಂಡ ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಬೇವು, ಹುಣಸೆ ಮರಗಳ ಕೆಳಗೆ ನಿಲ್ಲಬಾರದು. ಮೊಬೈಲ್ ಹೊಂದಿರುವವರು ಸಿಡಿಲಿನ ಮುನ್ಸೂಚನೆ ನೀಡುವ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಬಳಸಬಹುದು. ಹರಿದುಬಿದ್ದ ವಿದ್ಯುತ್ ತಂತಿಯನ್ನಾಗಲಿ, ಅದು ತಾಗಿದ ಗಿಡ ಹಾಗೂ ಬೇಲಿಯನ್ನಾಗಲಿ ಮುಟ್ಟದೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸತಕ್ಕದ್ದು.

9. ಸಾರ್ವಜನಿಕರಿಗೆ ಲಭ್ಯವಿರುವ ಸೇವೆಗಳು

- ಸಸಿಗಳು ಮತ್ತು ಸಲಹೆ: ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿ. ಇಲಾಖಾ ಸಸ್ಯಕ್ಷೇತ್ರಗಳಲ್ಲಿ ನಿಗದಿತ ದರದಲ್ಲಿ ಸಸಿಗಳನ್ನು ವಿತರಿಸಲಾಗುತ್ತದೆ. ದಾಸ್ತಾನು ಇರುವುದನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು.
- ಮಣ್ಣು ಪರೀಕ್ಷೆ ಹಾಗೂ ತಾಂತ್ರಿಕ ಮಾಹಿತಿ: ರೈತ ಸಂಪರ್ಕ ಕೇಂದ್ರಗಳು ಹಾಗೂ ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ.
- ದೂರವಾಣಿ ಮೂಲಕ ಸಲಹೆ: ಕಿಸಾನ್ ಕಾಲ್ ಸೆಂಟರ್, ಶುಲ್ಕರಹಿತ ಸಂಖ್ಯೆ 1800-180-1551.
- ಮರ ತೆರವು: ಅಪಾಯಕಾರಿ ಮರವನ್ನು ಬುಡಸಹಿತ ಕಡಿಯುವ ಮೊದಲು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದನ್ವಯ ಆ ಜಾತಿಗೆ ಅನುಮತಿ ಅಗತ್ಯವಿದೆಯೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.
- ಮನೆ ಅಥವಾ ಜಾನುವಾರು ಹಾನಿ: ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಗೆ ಕೂಡಲೇ ತಿಳಿಸತಕ್ಕದ್ದು. ಸ್ವಚ್ಛಗೊಳಿಸುವ ಮೊದಲು ಹಾನಿಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಸೂಕ್ತ.

ವಿಶೇಷ ಸೂಚನೆ: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬಿಸಿಲಿನ ಕಾರಣ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8.00ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವುದು ವಾಡಿಕೆ. ದೂರದ ಗ್ರಾಮಗಳಿಂದ ಬರುವವರು ಆಯಾ ವರ್ಷದ ಆದೇಶವನ್ನು ತಿಳಿದುಕೊಂಡು, ಬೆಳಗಿನ ವೇಳೆಯಲ್ಲಿಯೇ ಬಂದು ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.