ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ

ವಿದ್ಯೆಗೆ ಬಡತನವು ಅಡ್ಡಿಯಾಗಬಾರದೆಂಬ ಮಾತನ್ನು ನಾವು ವರ್ಷವರ್ಷವೂ ರಾಜ್ಯೋತ್ಸವದ ವೇದಿಕೆಯಿಂದ ಕೇಳುತ್ತ ಬಂದಿದ್ದೇವೆ. ಮಾತು ಸತ್ಯವಾದುದೇ. ಆದರೆ ಬಡ ವಿದ್ಯಾರ್ಥಿಗೆ ನೆರವು ಹೇಗೆ ದೊರೆಯುತ್ತ ಬಂದಿತು, ನೆರವುಂಟೆಂಬ ಸುದ್ದಿಯನ್ನು ಅವನಿಗೆ ಮುಟ್ಟಿಸಿದವರು ಯಾರು ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಕಳೆದ ಒಂದೂವರೆ ಶತಮಾನದ ಚರಿತ್ರೆಯನ್ನು ತಿರುವಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ. ಕೊಡುವ ಕೈಗಳು ಕಾಲಕಾಲಕ್ಕೆ ಬೇರೆಯಾದವು. ಗೃಹಸ್ಥನ ಮನೆಯ ಜೊತೆಗೆ ಮಠ, ಮಠದ ಜೊತೆಗೆ ಅರಮನೆ, ಅರಮನೆಯ ತರುವಾಯ ಸರಕಾರ ಬಂದವು. ಆದರೆ ಕೊಡುವವನಿಗೂ ಬೇಕಾದವನಿಗೂ ನಡುವೆ ನಿಂತು ದಾರಿ ತೋರುವ ಒಬ್ಬ ಮನುಷ್ಯನ ಅಗತ್ಯವು ಯಾವ ಕಾಲಕ್ಕೂ ತಪ್ಪಲಿಲ್ಲ. ಊರು ಬಿಟ್ಟು ಈ ಮುಂಬಯಿಯಲ್ಲಿ ನೆಲಸಿರುವ ನಮ್ಮಂಥ ಕನ್ನಡಿಗರಿಗೆ ಈ ಸಂಗತಿ ಇನ್ನೂ ಹೆಚ್ಚಿನ ಮಹತ್ವದ್ದು.

ನಮ್ಮ ಹಿರಿಯರ ಕಾಲದಲ್ಲಿ ವಿದ್ಯಾರ್ಥಿವೇತನವೆಂಬ ಮಾತಿಗಿಂತ ವಾರಾನ್ನವೆಂಬ ಮಾತೇ ಹೆಚ್ಚು ಪರಿಚಿತವಾಗಿತ್ತು. ಹಳ್ಳಿಯಿಂದ ಪೇಟೆಯ ಶಾಲೆಗೆ ಬಂದ ಹುಡುಗನು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು ಓದುತ್ತಿದ್ದನು. ಏಳನೆಯ ಮನೆ ಸಿಗದಿದ್ದವನಿಗೆ ಆ ದಿನ ಉಪವಾಸವೇ ಗತಿ. ಇದರಿಂದ ಓದಿ ಮುಂದೆ ಬಂದವರು ಅನೇಕರು. ಆದರೂ ಈ ಏರ್ಪಾಡಿನ ಮಿತಿಯನ್ನು ಮರೆಯಬಾರದು. ಪಂಕ್ತಿಭೇದವಿದ್ದ ಆ ಕಾಲದಲ್ಲಿ ಅನ್ನವಿಡುವ ಮನೆಯ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಹೆಣ್ಣು ಮಕ್ಕಳ ಮಾತಂತೂ ಬರುವಂತೆಯೇ ಇರಲಿಲ್ಲ.

ಈ ಕೊರತೆಯನ್ನು ನೀಗಲು ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡವು. ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ೧೯೦೧ರಿಂದ ಮೊದಲ್ಗೊಂಡು ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗಾಗಿ ನಿಲಯಗಳನ್ನು ತೆರೆಯಿಸಿದರು. ಧಾರವಾಡದ ಮುರುಘಾಮಠದಲ್ಲಿಯೂ ತುಮಕೂರಿನ ಸಿದ್ಧಗಂಗೆಯಲ್ಲಿಯೂ ಅನ್ನ ಮತ್ತು ಆಶ್ರಯಗಳು ಉಚಿತವಾಗಿ ದೊರೆತು, ಸಾವಿರಾರು ಮಕ್ಕಳು ಅಲ್ಲಿದ್ದುಕೊಂಡು ಓದಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಕಾಲವಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವೀರಶೈವ ಸಮಾಜದ ಮಕ್ಕಳ ವಿದ್ಯೆಗೆಂದು ಉಯಿಲು ಬರೆದಿಟ್ಟಿದ್ದರು. ಆ ಉಯಿಲಿನ ಮೇಲೆ ನಡೆದ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಕೊನೆಗೆ ಆಸ್ತಿಯು ಟ್ರಸ್ಟಿನ ಕೈಗೆ ಬಂದು, ಉತ್ತರ ಕರ್ನಾಟಕದ ಎಷ್ಟೋ ತರುಣರ ಕಾಲೇಜಿನ ಖರ್ಚಿಗೆ ಆಧಾರವಾಯಿತು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಅರಮನೆಗಳ ಕೊಡುಗೆಯೂ ಸಣ್ಣದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಳ್ಳುತ್ತಿದ್ದರು. ೧೮೮೧ರಲ್ಲಿ ಬಿ.ಎ. ಮುಗಿಸಿದ ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಹೊರಬಂದರು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯ ಕೆಲಸ ದೊರೆಯಿತು. ಮೈಸೂರು ಅಂದು ಕೊಟ್ಟ ಹಣ ಎಷ್ಟೇ ಇರಲಿ, ಅದಕ್ಕೆ ಕನ್ನಂಬಾಡಿಯ ಕಟ್ಟೆಯಷ್ಟು ಬಡ್ಡಿ ಬಂದಿತೆಂದರೆ ಅತಿಶಯೋಕ್ತಿಯಾಗದು. ಅದೇ ಮೈಸೂರಿನಲ್ಲಿ ೧೯೧೮ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಮರುವರ್ಷ ವರದಿಯನ್ನೊಪ್ಪಿಸಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿಶೇಷ ವೇತನಗಳು ಬೇಕೆಂದು ಸೂಚಿಸಿತು. ಪ್ರತಿಭೆಗೆ ಮೆಚ್ಚಿ ಒಬ್ಬನಿಗೆ ಕೊಡುವ ಬಹುಮಾನವು ಹೀಗೆ ಒಂದು ವರ್ಗದ ಹಕ್ಕಾಗುವತ್ತ ಹೆಜ್ಜೆಯಿಟ್ಟಿತು.

ಇನ್ನು ನಮ್ಮ ಮುಂಬಯಿಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ೧೯೦೭ರಲ್ಲಿ ಮೆಟ್ರಿಕ್ ಮುಗಿಸಿದ ಭೀಮರಾವ್ ಅಂಬೇಡ್ಕರರಿಗೆ ಕಾಲೇಜಿನ ಖರ್ಚು ದೊಡ್ಡ ಸಮಸ್ಯೆಯಾಯಿತು. ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಉಪಾಧ್ಯಾಯರು ಈ ಹುಡುಗನ ಓದಿನ ಹುಚ್ಚನ್ನು ಬಲ್ಲವರಾಗಿದ್ದರು. ಅವರ ಪ್ರಯತ್ನದಿಂದ ಬರೋಡೆಯ ಸಯಾಜಿರಾವ್ ಗಾಯಕವಾಡರ ಭೇಟಿಯಾಗಿ, ತಿಂಗಳಿಗೆ ೨೫ ರೂಪಾಯಿಯ ವೇತನ ಮಂಜೂರಾಯಿತು. ಎಲ್ಫಿನ್‌ಸ್ಟನ್ ಕಾಲೇಜಿನ ಓದು ಮುಗಿದ ಮೇಲೆ, ೧೯೧೩ರಲ್ಲಿ ಅದೇ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವೇತನ ಕೊಟ್ಟು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳುಹಿದರು. ಮರಳಿ ಬಂದು ಹತ್ತು ವರ್ಷ ಬರೋಡೆಯ ಸೇವೆ ಮಾಡಬೇಕೆಂಬ ಕರಾರೂ ಅದಕ್ಕಿತ್ತು. ವೇತನದ ಅವಧಿ ತೀರಿದ್ದರಿಂದ ೧೯೧೭ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ತಮ್ಮ ಉಳಿತಾಯ, ಶಾಹು ಮಹಾರಾಜರ ನೆರವು, ಗೆಳೆಯನಿಂದ ಪಡೆದ ಸಾಲ ಇವನ್ನೆಲ್ಲ ಕೂಡಿಸಿಕೊಂಡು ೧೯೨೦ರಲ್ಲಿ ಮತ್ತೆ ಹೋಗಿ ಅವರು ಆ ಓದನ್ನು ಪೂರ್ಣಗೊಳಿಸಿದರು. ಮಹಾರಾಜರ ಔದಾರ್ಯವನ್ನು ಲೋಕವೆಲ್ಲ ಕೊಂಡಾಡುತ್ತದೆ. ಕೊಂಡಾಡತಕ್ಕುದೇ ಸರಿ. ಆದರೆ ಕೇಳೂಸ್ಕರರಂಥ ಒಬ್ಬ ಉಪಾಧ್ಯಾಯರು ನಡುವೆ ಇರದಿದ್ದರೆ ಆ ಔದಾರ್ಯಕ್ಕೆ ಆ ಹುಡುಗನ ವಿಳಾಸ ತಿಳಿಯುತ್ತಿತ್ತೆ?

ತಾವು ಪಟ್ಟ ಪಾಡನ್ನು ಅಂಬೇಡ್ಕರರು ಮರೆಯಲಿಲ್ಲ. ವೈಸರಾಯರ ಕಾರ್ಯಕಾರಿ ಮಂಡಲದ ಸದಸ್ಯರಾಗಿದ್ದಾಗ ಅವರು ಹಟ ಹಿಡಿದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉಚ್ಚ ಶಿಕ್ಷಣಕ್ಕೆ ಹಣ ಮಂಜೂರು ಮಾಡಿಸಿದರು. ೧೯೪೪ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಸ್ವಾತಂತ್ರ್ಯಾನಂತರ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ೨೫ ರೂಪಾಯಿಯಿಂದ ಓದಿದವರೊಬ್ಬರು ಲಕ್ಷಾಂತರ ಮಕ್ಕಳಿಗೆ ಹಾದಿ ಮಾಡಿಕೊಟ್ಟರು.

ದಾನವನ್ನು ಒಲ್ಲದ ಸ್ವಾಭಿಮಾನಿಗಳಿಗೂ ಒಂದು ಮಾರ್ಗ ಈ ನಗರದಲ್ಲಿಯೇ ಹುಟ್ಟಿತು. ಜಮಶೇಟಜಿ ಟಾಟಾ ಅವರು ೧೮೯೨ರಲ್ಲಿ ಉಚ್ಚ ಶಿಕ್ಷಣಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿ, ವಿದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಸಾಲರೂಪದ ವೇತನ ಕೊಡುವ ಪದ್ಧತಿಯನ್ನು ತಂದರು. ಆರಂಭದಲ್ಲಿಯೇ ಆಯ್ಕೆಯಾದ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವ್ಕರ್ ಇಬ್ಬರೂ ವೈದ್ಯ ವಿದ್ಯೆಯ ಮಹಿಳೆಯರೆಂಬುದು ಗಮನಿಸತಕ್ಕ ವಿಷಯ. ಓದಿ ದುಡಿಯತೊಡಗಿದವನು ಹಣವನ್ನು ಹಿಂದಿರುಗಿಸಿದರೆ ಅದೇ ಹಣ ಇನ್ನೊಬ್ಬನ ಓದಿಗೆ ಒದಗುತ್ತದೆ. ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರೂ ಈ ನಿಧಿಯ ನೆರವಿನಿಂದ ಲಂಡನ್ನಿನಲ್ಲಿ ಓದಿ ಬಂದವರೇ. ನಿಧಿ ಇಂದಿಗೂ ನಡೆಯುತ್ತಿದೆ.

ಸ್ವಾತಂತ್ರ್ಯ ಬಂದ ಮೇಲೆ ವಿದೇಶದ ಬಾಗಿಲುಗಳು ಇನ್ನಷ್ಟು ತೆರೆದವು. ೧೯೫೦ರಲ್ಲಿ ಭಾರತಕ್ಕೂ ಅಮೆರಿಕಕ್ಕೂ ಆದ ಒಪ್ಪಂದದಿಂದ ಫುಲ್‌ಬ್ರೈಟ್ ವೇತನವೂ, ೧೯೫೯ರ ಸಮ್ಮೇಳನದ ಫಲವಾಗಿ ಕಾಮನ್‌ವೆಲ್ತ್ ವೇತನವೂ ಬಂದವು. ರೋಡ್ಸ್ ವೇತನವು ೧೯೪೭ರಿಂದಲೇ ಭಾರತೀಯರಿಗೆ ಲಭ್ಯವಾಗಿತ್ತು. ಇವುಗಳಿಂದ ಕನ್ನಡ ಸಾಹಿತ್ಯಕ್ಕೆ ಆದ ಲಾಭವನ್ನು ಲೆಕ್ಕ ಹಾಕಿದವರು ಕಡಿಮೆ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ ಅವರು ೧೯೫೯ರಲ್ಲಿ ಫುಲ್‌ಬ್ರೈಟ್ ಪಡೆದು ಅಮೆರಿಕಕ್ಕೆ ಹೋದರು. ಧಾರವಾಡದ ಕರ್ನಾಟಕ ಕಾಲೇಜಿನ ಪದವೀಧರರಾದ ಗಿರೀಶ ಕಾರ್ನಾಡರು ರೋಡ್ಸ್ ವೇತನ ಪಡೆದು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ‘ಯಯಾತಿ’ ನಾಟಕ ಹುಟ್ಟಿದ್ದು ಆ ಪಯಣದ ಸಿದ್ಧತೆಯ ದಿನಗಳಲ್ಲಿ. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ‘ಸಂಸ್ಕಾರ’ವನ್ನು ಬರೆದರು. ಅದನ್ನು ಇಂಗ್ಲಿಷಿಗೆ ತಂದವರು ಅದೇ ರಾಮಾನುಜನ್. ವಿದ್ಯಾರ್ಥಿವೇತನವು ಪದವಿಗಷ್ಟೇ ಎಂದು ತಿಳಿದವರು ಇದನ್ನು ನೆನೆಯಬೇಕು.

ಈ ಎಲ್ಲ ಕಾಲದಲ್ಲಿ ಮುಂಬಯಿಯ ಕನ್ನಡಿಗರು ಏನು ಮಾಡುತ್ತಿದ್ದರು? ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ಹಗಲೆಲ್ಲ ಲೋಟ ತೊಳೆದು ಸಂಜೆ ಪಾಟಿ ಹಿಡಿದು ರಾತ್ರಿ ಶಾಲೆಗೆ ಹೋದರು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ೧೯೦೮ರಲ್ಲಿಯೇ ಉಚಿತ ರಾತ್ರಿ ಶಾಲೆಯನ್ನು ತೆರೆಯಿತು. ಅನ್ಯ ಸಮಾಜಗಳ ಸಂಘಗಳೂ ಅದೇ ಹಾದಿ ಹಿಡಿದವು. ಹುಡುಗನಿಗೆ ಶಾಲೆಯ ಸುದ್ದಿ ತಿಳಿಸುತ್ತಿದ್ದವರು ಜೊತೆಯ ಕೆಲಸಗಾರರು, ಇಲ್ಲವೆ ಊರ ಕಡೆಯ ಒಬ್ಬ ಹಿರಿಯರು. ಇಲ್ಲಿಯೂ ನಡುವೆ ನಿಂತ ಮನುಷ್ಯನೇ ಮುಖ್ಯ.

ಇಂದಿನ ಸ್ಥಿತಿ ಬೇರೆ. ೨೦೧೫ರಿಂದ ಕೇಂದ್ರ ಸರಕಾರದ ವೇತನಗಳೆಲ್ಲ ಬಹುಮಟ್ಟಿಗೆ ಒಂದೇ ರಾಷ್ಟ್ರೀಯ ಜಾಲತಾಣದ ಮೂಲಕ ಹಂಚಿಕೆಯಾಗುತ್ತಿವೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೊದಲ ಶೇಕಡಾ ೨೦ರೊಳಗೆ ಬಂದು, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷಕ್ಕೆ ಮೀರದವರು ಕಾಲೇಜು ವೇತನಕ್ಕೆ ಅರ್ಜಿ ಹಾಕಬಹುದು. ಎಂ.ಎ. ಮಾಡಿದವರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಸಂಶೋಧನ ವೇತನವಿದೆ. ೨೦೨೩ರಿಂದ ಅದರ ಮೊತ್ತ ತಿಂಗಳಿಗೆ ೩೭,೦೦೦ ರೂಪಾಯಿ. ಅದರ ಪರೀಕ್ಷೆಯಲ್ಲಿ ಕನ್ನಡವೇ ಒಂದು ವಿಷಯವೆಂಬುದನ್ನು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದುವ ನಮ್ಮ ಮಕ್ಕಳ ತಂದೆತಾಯಿಗಳೂ ತಿಳಿದಿರಬೇಕು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ನಮಗೆ ಸಲ್ಲದಿರಲಿ.

ಆದರೆ ಹೊರನಾಡಿನವರಿಗೆ ಇಲ್ಲೊಂದು ತೊಡಕುಂಟು. ರಾಜ್ಯ ಸರಕಾರಗಳ ವೇತನಗಳು ವಾಸ್ತವ್ಯದ ಪ್ರಮಾಣಪತ್ರವನ್ನು ಕೇಳುತ್ತವೆ. ಮಹಾರಾಷ್ಟ್ರದವರು ಕರ್ನಾಟಕದವರೆಂದು, ಕರ್ನಾಟಕದವರು ಮಹಾರಾಷ್ಟ್ರದವರೆಂದು ತಿರುಗಿಸಿ ಕಳುಹಿದರೆ ಹುಡುಗಿಯ ಒಂದು ವರ್ಷವೇ ಕಳೆದುಹೋಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿಷಯದಲ್ಲಿ ಇದು ಇನ್ನೂ ಕಠಿಣ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದವರು ಬಂದ ರಾಜ್ಯದಲ್ಲಿ ಆ ಸೌಲಭ್ಯಗಳನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೦ರಲ್ಲಿ ತೀರ್ಪಿತ್ತು, ೧೯೯೪ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ತಂದೆಯ ಮೂಲ ಊರಿನ ಜಾತಿ ಪ್ರಮಾಣಪತ್ರ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಹಳೆಯ ಕಾಗದವಲ್ಲ. ಮಗಳ ಪ್ರಮಾಣಪತ್ರಕ್ಕೆ ಅದೇ ಆಧಾರ. ಇದನ್ನು ಹತ್ತನೆಯ ತರಗತಿಯಲ್ಲಿಯೇ ಹುಡುಕಿ ಇಟ್ಟುಕೊಂಡವರಿಗೂ, ಅರ್ಜಿಯ ಕೊನೆಯ ದಿನ ಹುಡುಕಹೊರಟವರಿಗೂ ಇರುವ ಅಂತರ ಬಹಳ ದೊಡ್ಡದು.

ಜಾಲತಾಣವು ನಿಯಮವನ್ನು ತೋರಿಸೀತು. ಈ ನಿಯಮ ನಿನಗೆ ಅನ್ವಯಿಸುತ್ತದೆ, ಈ ಕಾಗದ ನಿನಗೆ ಬೇಕು, ಇಂಥ ತಹಶೀಲ್ದಾರರ ಕಚೇರಿಗೆ ಹೋಗು ಎಂದು ಹೇಳುವವರು ಬೇಕು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಮಗುವಿಗೆ ಹಾಗೆ ಹೇಳುವವರು ಮನೆಯಲ್ಲಿ ಇರುವುದಿಲ್ಲ. ಆ ಕೊರತೆಯನ್ನು ತುಂಬುವುದು ಸಂಘಗಳ ಕೆಲಸ. ಇದಕ್ಕೆ ದೊಡ್ಡ ನಿಧಿ ಬೇಡ. ಪರೀಕ್ಷೆಗಳ ಫಲಿತಾಂಶ ಬಂದ ದಿನದಿಂದ ಅರ್ಜಿಯ ಗಡುವು ಮುಗಿಯುವವರೆಗೆ ಭಾನುವಾರಕ್ಕೊಮ್ಮೆ ಸಂಘದ ವಾಚನಾಲಯದಲ್ಲಿ ಒಂದು ಮೇಜು, ಇಬ್ಬರು ತಿಳಿದವರು, ಒಂದು ಕಂಪ್ಯೂಟರು ಇದ್ದರೆ ಸಾಕು. ಯಾವ ವೇತನಕ್ಕೆ ಯಾವ ತಿಂಗಳು ಅರ್ಜಿ, ಏನೇನು ಕಾಗದ ಎಂಬ ಪಟ್ಟಿ ಗೋಡೆಯ ಮೇಲಿರಲಿ. ಬ್ಯಾಂಕಿನಿಂದ, ಶಾಲೆಯಿಂದ, ಕಚೇರಿಗಳಿಂದ ನಿವೃತ್ತರಾದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಅರ್ಜಿ ತುಂಬುವ ಕಲೆ ಚೆನ್ನಾಗಿ ಗೊತ್ತು.

ಟಾಟಾ ನಿಧಿಯಲ್ಲಿ ಹಣವನ್ನು ಹಿಂದಿರುಗಿಸುವ ಪದ್ಧತಿಯಿದ್ದಂತೆ, ನಮ್ಮಲ್ಲಿ ತಿಳಿವಳಿಕೆಯನ್ನು ಹಿಂದಿರುಗಿಸುವ ಪದ್ಧತಿ ಬೆಳೆಯಲಿ. ಈ ವರ್ಷ ವೇತನ ಪಡೆದ ಹುಡುಗಿಯು ಬರುವ ವರ್ಷ ಅದೇ ಮೇಜಿನ ಆಚೆಗೆ ಕುಳಿತು ಇನ್ನೊಬ್ಬಳ ಅರ್ಜಿಯನ್ನು ತಿದ್ದಿಕೊಡಲಿ. ವಾರಾನ್ನದ ಮನೆಗಳು ಮುಚ್ಚಿದವು, ಅರಮನೆಗಳು ಚರಿತ್ರೆಗೆ ಸೇರಿದವು. ಕೇಳೂಸ್ಕರರ ಕೆಲಸವೊಂದು ಮಾತ್ರ ಉಳಿದಿದೆ. ಅದನ್ನು ನಾವು ಮಾಡೋಣ.