ಮಳೆ ನಕ್ಷತ್ರ, ತಿಥಿ ಮತ್ತು ಗಾಳ: ಸಿಹಿನೀರಿನ ಮೀನುಗಾರಿಕೆಯಲ್ಲಿ ಕಾಲನಿರ್ಣಯದ ಚರಿತ್ರೆ

ಒಳನಾಡಿನ ಹೊಳೆ, ಕೆರೆ, ಹಿನ್ನೀರುಗಳಲ್ಲಿ ಮೀನು ಹಿಡಿಯುವವರು ಕಾಲ ಗೊತ್ತುಮಾಡಿಕೊಳ್ಳಲು ಎರಡು ಬಗೆಯ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಒಂದು ಮಳೆ ನಕ್ಷತ್ರದ ಲೆಕ್ಕ. ಇನ್ನೊಂದು ತಿಥಿಯ ಲೆಕ್ಕ. ಇವೆರಡನ್ನೂ ‘ಹಿರಿಯರ ಪಂಚಾಂಗ’ ಎಂದು ಒಟ್ಟಿಗೆ ಕಟ್ಟಿಡುವ ರೂಢಿ ನಮ್ಮ ಬರಹಗಳಲ್ಲಿದೆ. ಆದರೆ ಇವುಗಳ ಮೂಲ ಬೇರೆ, ಇವು ಕೆಲಸ ಮಾಡುವ ಬಗೆಯೂ ಬೇರೆ. ಕರ್ನಾಟಕದ ಸಿಹಿನೀರಿನಲ್ಲಿ ಮೀನಿನ ಕಾಲವನ್ನು ನಿಜವಾಗಿ ನಡೆಸುತ್ತಿದ್ದುದು ಮಳೆ. ಚಂದ್ರನ ಲೆಕ್ಕ ಹೆಚ್ಚಾಗಿ ಬೇರೆಡೆಗಳಿಂದ, ಅಂದರೆ ಕಡಲ ಭರತ-ಇಳಿತದಿಂದ, ವ್ರತದ ದಿನಗಳಿಂದ, ಕಳೆದ ನೂರು ವರ್ಷಗಳಲ್ಲಿ ಅಮೆರಿಕದ ಕೋಷ್ಟಕಗಳಿಂದ ಬಂದು ಇದರೊಡನೆ ಬೆರೆತಿದೆ. ಈ ಲೇಖನದ ವಾದ ಇಷ್ಟು.

ಮಳೆ ನಕ್ಷತ್ರದಿಂದಲೇ ಆರಂಭಿಸೋಣ. ನಕ್ಷತ್ರ ಎಂದೊಡನೆ ಚಂದ್ರನ ನೆನಪಾಗುತ್ತದೆ, ಏಕೆಂದರೆ ಇಪ್ಪತ್ತೇಳು ನಕ್ಷತ್ರಗಳು ಚಂದ್ರನ ದಾರಿಯ ಗುರುತುಗಳು. ಆದರೆ ರೈತ ಹೇಳುವ ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳು ಸೂರ್ಯ ಆ ನಕ್ಷತ್ರವನ್ನು ಹೊಕ್ಕ ದಿನದಿಂದ ಎಣಿಕೆಯಾಗುವಂಥವು. ಒಂದೊಂದು ಮಳೆಗೆ 13-14 ದಿನ. ಹಾಗಾಗಿಯೇ ಮೃಗಶಿರಾ ಪ್ರತಿವರ್ಷ ಜೂನ್ 8ರ ಆಸುಪಾಸಿನಲ್ಲೇ ಹುಟ್ಟುತ್ತದೆ, ಆರಿದ್ರಾ ಜೂನ್ 22ರ ಹೊತ್ತಿಗೆ. ತಿಥಿ ಹೀಗೆ ನಿಲ್ಲುವುದಿಲ್ಲ. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು; ಅಧಿಕಮಾಸ ಬಂದು ಸರಿಪಡಿಸುವ ತನಕ ಹುಣ್ಣಿಮೆ ಅಮಾವಾಸ್ಯೆಗಳು ಹಿಂದೆ ಸರಿಯುತ್ತಲೇ ಇರುತ್ತವೆ. ಮುಂಗಾರು ಸೂರ್ಯನನ್ನು ಅನುಸರಿಸಿ ಬರುತ್ತದೆ. ಅದನ್ನು ಕಾಯುವವನಿಗೆ ಸೂರ್ಯನ ಲೆಕ್ಕವೇ ಬೇಕು. ಗದ್ದೆ ಹೂಡುವವನೂ ಹಳ್ಳಕ್ಕೆ ಮೀನು ಹಿಡಿಯುವ ಕೂಣಿ ಒಡ್ಡುವವನೂ ಮಲೆನಾಡಿನಲ್ಲಿ ಬಹುಪಾಲು ಒಬ್ಬನೇ ಆಗಿದ್ದುದರಿಂದ ಇಬ್ಬರ ಪಂಚಾಂಗವೂ ಒಂದೇ ಆಯಿತು.

ಮಲೆನಾಡಿನ ‘ಹತ್ತುಮೀನು’ ಈ ಲೆಕ್ಕದ ತಿರುಳು. ಬೇಸಗೆಯಿಡೀ ದೊಡ್ಡ ಹೊಳೆಯ ಗುಂಡಿಗಳಲ್ಲಿ ಉಳಿದುಕೊಂಡ ಮೀನುಗಳು ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಗೆ ತುಂಬಿ ಬಂದೊಡನೆ ನೀರಿಗೆ ಎದುರಾಗಿ ಮೇಲೇರತೊಡಗುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ಕೊನೆಗೆ ಗದ್ದೆಯ ಬದುವಿನ ತನಕ. ತತ್ತಿ ಇಡಲು ಅವುಗಳಿಗೆ ಬೇಕಾದುದು ಹೊಸದಾಗಿ ಮುಳುಗಿದ ಹುಲ್ಲುನೆಲ, ತೆಳುನೀರು, ಮರಿಗಳಿಗೆ ಹುಳುಹುಪ್ಪಟೆಯ ಮೇವು, ದೊಡ್ಡ ಮೀನುಗಳು ಬಾರದ ಜಾಗ. ಇವೆಲ್ಲ ಒಟ್ಟಿಗೆ ಸಿಗುವುದು ವರ್ಷದಲ್ಲಿ ಆ ಕೆಲವೇ ವಾರಗಳಲ್ಲಿ. ಯಾವ ಮಳೆಗೆ ಯಾವ ಹಳ್ಳ ಏರುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಮೀನು ಹತ್ತುತ್ತದೆ ಎಂಬ ತಿಳಿವಳಿಕೆ ಊರೂರಿಗೆ ಬೇರೆಯಾಗಿತ್ತು. ಅದು ಗ್ರಂಥಕ್ಕೆ ಏರಲಿಲ್ಲ. ಅದನ್ನು ಬಲ್ಲವರು ಅದನ್ನು ಜ್ಞಾನವೆಂದು ಕರೆಯಲೂ ಇಲ್ಲ. ಆದರೂ ಅದು ಪರೀಕ್ಷೆಗೆ ನಿಲ್ಲುವ ಜ್ಞಾನವೇ ಎಂಬುದಕ್ಕೆ ಒಂದು ಗಟ್ಟಿ ಸಾಕ್ಷಿ ಒಡಿಶಾದಿಂದ ಬಂತು.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನ ಕೊಳದಲ್ಲಿ ಚೆನ್ನಾಗಿ ಬೆಳೆದು ತತ್ತಿ ಕಟ್ಟಿದರೂ ಅಲ್ಲಿ ತತ್ತಿ ಇಡುತ್ತಿರಲಿಲ್ಲ. ಮರಿಗಾಗಿ ಮಳೆಗಾಲದ ನದಿಯನ್ನೇ ನೆಚ್ಚಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ತತ್ತಿ ಇಡಿಸಿದರು. ಆ ದಿನವನ್ನೇ ಇಂದು ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಈ ಪ್ರಯೋಗವನ್ನು ಮೀನು ಸಾಕಣೆಯ ಗೆಲುವಾಗಿ ಮಾತ್ರ ನೋಡುತ್ತೇವೆ. ಕಾಲನಿರ್ಣಯದ ಚರಿತ್ರೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಹೊಸನೀರಿನ ಹರಿವು, ಇಳಿದ ತಾಪ, ಮಳೆಯ ಸದ್ದುಗದ್ದಲ ಒಟ್ಟಾಗಿ ಮೀನಿನ ಮೈಯೊಳಗೆ ಯಾವ ಕದ ತೆರೆಯುತ್ತಿದ್ದವೋ ಅದೇ ಕದವನ್ನು ಮದ್ದು ತೆರೆಯಿತು. ಮೀನು ಹತ್ತುವುದನ್ನು ಮಳೆಗೆ ತಳಕು ಹಾಕಿದ್ದ ಹಳ್ಳಿಗರ ಎಣಿಕೆ ಸರಿಯಾಗಿಯೇ ಇತ್ತು.

ಮಳೆ ನಕ್ಷತ್ರಕ್ಕೂ ಮೀನಿಗೂ ಇರುವ ನಂಟು ಊಟದಲ್ಲೂ ಉಳಿದಿದೆ. ಹೈದರಾಬಾದಿನಲ್ಲಿ ಮೃಗಶಿರಾ ಹೊಕ್ಕ ದಿನ ಮೀನು ತಿನ್ನುವ ರೂಢಿ ಬಲವಾಗಿದೆ. ಉಬ್ಬಸಕ್ಕೆಂದು ಸಣ್ಣ ಕೊರವ ಮೀನಿನ ಬಾಯಲ್ಲಿ ಮದ್ದಿಟ್ಟು ಜೀವಂತ ನುಂಗಿಸುವುದೂ ಅಲ್ಲಿ ಆ ದಿನವೇ.

ಈಗ ಚಂದ್ರನ ಲೆಕ್ಕ. ಮೀನನ್ನೂ ತಿಥಿಯನ್ನೂ ಒಟ್ಟಿಗೆ ಹೇಳುವ ಬಹು ಹಳೆಯ ಭಾರತೀಯ ಶಾಸನ ಅಶೋಕನ ಐದನೆಯ ಸ್ತಂಭಶಾಸನ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಸಿದ್ದು. ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳಲ್ಲಿ ಇದು ಇಲ್ಲ, ಉತ್ತರದ ಕಂಬಗಳಲ್ಲಿದೆ. ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲೂ ತಿಷ್ಯ (ಪುಷ್ಯ) ಹುಣ್ಣಿಮೆಯಲ್ಲೂ ಚತುರ್ದಶಿ, ಪೂರ್ಣಿಮೆ, ಪಾಡ್ಯ ಹೀಗೆ ಮೂರು ಮೂರು ದಿನ, ಜೊತೆಗೆ ಪ್ರತಿ ಉಪೋಸಥದ (ವ್ರತದ) ದಿನ ಮೀನು ಕೊಲ್ಲಬಾರದು, ಮಾರಲೂಬಾರದು ಎಂಬುದು ಆಜ್ಞೆ. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಇದನ್ನು ಮೀನುಗಾರಿಕೆಯ ಕಾನೂನಾಗಿ ಓದಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಪ್ರಾಚೀನ ಗ್ರಂಥಗಳ ಮೀನಿನ ತಿಳಿವಳಿಕೆಯನ್ನು ವಿಜ್ಞಾನಿಯ ಕಣ್ಣಿನಿಂದ ನೋಡಿದ ಹಿರಿಯರು ಅವರು. ಆ ಕೆಲಸಕ್ಕೆ ನಾವು ಋಣಿಗಳು. ಆದರೂ ಈ ದಿನಗಳನ್ನು ಮೀನಿನ ಸಂತಾನಕಾಲಕ್ಕೆ ಹೊಂದಿಸುವುದು ಕಷ್ಟ. ಆಷಾಢದ ಹುಣ್ಣಿಮೆ ಮಳೆಗಾಲದಲ್ಲಿ ಬರುತ್ತದೆ, ನಿಜ. ಕಾರ್ತಿಕ, ಫಾಲ್ಗುಣ, ಪುಷ್ಯ ಮಾಸದ ಹುಣ್ಣಿಮೆಗಳು ಬರುವುದಿಲ್ಲ. ಹತ್ತುಮೀನಿನ ವಾರಗಳ ಬಹುಪಾಲು ದಿನಗಳು ಬಿಟ್ಟುಹೋಗಿ ಚಳಿಗಾಲದ ಮೂರು ದಿನ ಸೇರಿಕೊಂಡಿರುವ ಈ ಪಟ್ಟಿ ಮೂಲತಃ ವ್ರತದ ಪಟ್ಟಿ. ಅದರ ಹಿಂದಿರುವುದು ಜೀವದಯೆ. ಅದನ್ನು ಮೀನಿನ ಜೀವಶಾಸ್ತ್ರವೆಂದು ಹೊಗಳಬೇಕಾದ ಅಗತ್ಯ ಆ ದೊರೆಗಿಲ್ಲ.

ಕನ್ನಡ ನೆಲದ್ದೇ ಆದ ಗ್ರಂಥ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ಸುಮಾರು ಕ್ರಿ.ಶ. 1130ರದು. ಅದರ ‘ಮತ್ಸ್ಯವಿನೋದ’ ಭಾಗ ಸಮುದ್ರದ ಮೀನು, ನದಿಯ ಮೀನು, ಪೊರೆಯುಳ್ಳವು, ಪೊರೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಮೇವು, ಗಾಳದ ಕೋಲು, ನೂಲು, ಕೊಕ್ಕೆ ಹೇಗಿರಬೇಕು ಎಂದು ಹೇಳುತ್ತದೆ. ಒಂದೆಡೆ ಮೇವು ಹಾಕಿ ಮೀನನ್ನು ರೂಢಿಮಾಡಿಸಿ ಆಮೇಲೆ ಗಾಳ ಬಿಡುವ ಕ್ರಮ ಅಲ್ಲಿದೆ. ಕಾಲ ನೋಡಿ ಮೀನಿದ್ದಲ್ಲಿಗೆ ಹೋಗುವವನು ಬೆಸ್ತ. ಮೀನನ್ನೇ ತನ್ನ ಹೊತ್ತಿಗೆ ಬರಮಾಡಿಕೊಳ್ಳುವವನು ಅರಸ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಅದರ ಒತ್ತು ಮೇವಿನ ಮೇಲೇಕಿದೆ ಎಂಬುದು ತಿಳಿಯುತ್ತದೆ.

ಗಾಳದ ಬೇಟೆಗೆ ಋತು ನೋಡಿ ಹೊರಡುವ ಬರಹದ ಪರಂಪರೆ ನಮ್ಮಲ್ಲಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮದ್ರಾಸ್ ಸಿವಿಲ್ ಸರ್ವಿಸಿನ ಎಚ್.ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿದ್ದಾಗ ಮೊದಲು 1870ರಲ್ಲಿ ಅಲ್ಲಿನ ಮೀನು ಸಂವರ್ಧನೆಯ ವರದಿ ಬರೆದ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಮೀನು ಮಳೆಗಾಲದಲ್ಲಿ ಉಪನದಿಗಳಿಗೆ ಏರಿ, ನೀರು ಇಳಿಯುವಾಗ ಹಿಂತಿರುಗುತ್ತದೆ, ಎಲ್ಲ ತತ್ತಿಯನ್ನೂ ಒಮ್ಮೆಗೇ ಇಡದೆ ಕಂತು ಕಂತಾಗಿ ಇಡುತ್ತದೆ ಎಂಬುದು ಅವನ ಅಭಿಪ್ರಾಯ. ಆದ್ದರಿಂದ ಗಾಳಕ್ಕೆ ಕಾಲವೆಂದರೆ ನೆರೆ ಇಳಿದು ನೀರು ತಿಳಿಯಾದ ಮೇಲೆ. ಹತ್ತುಮೀನಿಗೆ ಕೆಂಪುನೀರು ಬೇಕು, ಮಹಶೀರ್ ಗಾಳಕ್ಕೆ ತಿಳಿನೀರು ಬೇಕು. ಎರಡೂ ಒಂದೇ ಮಳೆಯ ಎರಡು ತುದಿಗಳು. ಭೀಮೇಶ್ವರಿ, ಗಾಳಿಬೋರೆಗಳ ಕಾವೇರಿ ದಂಡೆಯಲ್ಲಿ ಹಿಂಗಾರು ಕಳೆದ ಮೇಲೆ, ಜನವರಿಯಿಂದ ಮಾರ್ಚ್ ತನಕ, ರಾಗಿ ಹಿಟ್ಟಿನ ಮುದ್ದೆಯನ್ನು ಕೊಕ್ಕೆಗೆ ಮೆತ್ತಿ ಕಾಯುತ್ತಿದ್ದ ಬೇಟೆಗಾರರ ವೇಳಾಪಟ್ಟಿಯೂ ಇದೇ. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ದಾಖಲೆಯೆಂದು ಹೆಸರಾಗಿದೆ.

ಸಿಹಿನೀರಿಗೆ ಚಂದ್ರನ ಗಂಟೆಗಳನ್ನು ಕೋಷ್ಟಕವಾಗಿ ತಂದವನು ಅಮೆರಿಕದ ಜಾನ್ ಆಲ್ಡನ್ ನೈಟ್. 1926ರಲ್ಲಿ ಆರಂಭಿಸಿ, ಮೀನಿನ ನಡವಳಿಕೆಗೆ ಕಾರಣವೆನ್ನಲಾದ ಮೂವತ್ತಕ್ಕೂ ಹೆಚ್ಚು ಅಂಶಗಳನ್ನು ಸೋಸಿ, ಕೊನೆಗೆ ಸೂರ್ಯ, ಚಂದ್ರ, ಭರತ-ಇಳಿತ ಮೂರನ್ನು ಉಳಿಸಿಕೊಂಡ. ಚಂದ್ರ ನೆತ್ತಿಗೆ ಬಂದಾಗ ಮತ್ತು ಕಾಲಡಿಗೆ ಹೋದಾಗ ದೊಡ್ಡ ಅವಧಿ, ಉದಯಾಸ್ತಗಳಲ್ಲಿ ಸಣ್ಣ ಅವಧಿ. ಈಗ ಮೊಬೈಲಿನಲ್ಲಿ ಸಿಗುವ ‘ಇಂದು ಮೀನು ಕಚ್ಚುವ ಹೊತ್ತು’ ಬಹುಪಾಲು ಇದೇ ‘ಸೋಲುನಾರ್’ ಲೆಕ್ಕ. ಅದರ ಅಡಿಪಾಯ ಕಡಲಿನದು, ಸೆಳೆತದ್ದು. ಅಷ್ಟು ವಿಶಾಲವಾದ ಉತ್ತರ ಅಮೆರಿಕದ ಮಹಾಸರೋವರಗಳಲ್ಲೇ ಭರತ 5 ಸೆಂಟಿಮೀಟರಿಗಿಂತ ಕಡಿಮೆ. ನಮ್ಮ ಊರ ಕೆರೆಯಲ್ಲಿ ಅದು ಲೆಕ್ಕಕ್ಕೇ ಸಿಗದು. ಮಸ್ಕಿ ಎಂಬ ಅಮೆರಿಕದ ಸಿಹಿನೀರಿನ ಮೀನಿನ 3.4 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಜಾಲಾಡಿ 2014ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಚಂದ್ರನ ಪರಿಣಾಮ ಕಂಡದ್ದು ನಿಜ, ಆದರೆ ಹೆಚ್ಚೆಂದರೆ ಶೇ. 5ರಷ್ಟು.

ಹಾಗೆಂದು ಚಂದ್ರನನ್ನು ತಳ್ಳಿಹಾಕಲಾಗದು. ಬಾಂಗ್ಲಾದೇಶದ ಹಾಲ್ದಾ ನದಿಯಲ್ಲಿ ಏಪ್ರಿಲ್‌ನಿಂದ ಜೂನ್ ನಡುವೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ, ಗುಡುಗು ಮಳೆಯೂ ಬೆಟ್ಟದ ನೆರೆಯೂ ಕೂಡಿಬಂದಾಗ ಗೆಂಡೆಮೀನುಗಳು ತತ್ತಿ ಇಡುತ್ತವೆ; ತತ್ತಿ ಎತ್ತುವವರು ದೋಣಿಯಲ್ಲಿ ಅದನ್ನೇ ಕಾಯುತ್ತಾರೆ. ಆದರೆ ಹಾಲ್ದಾ ಕಡಲ ಭರತ ಏರಿಬರುವ ನದಿ. ಭರತವೇ ಇಲ್ಲದ ಕಡೆ ಚಂದ್ರ ಬೆಳಕಿನ ಮೂಲಕ ಕೆಲಸ ಮಾಡುತ್ತಾನೆ. ಮೊಜಾಂಬಿಕ್‌ನ ಕಹೋರಾ ಬಸ್ಸಾ ಜಲಾಶಯದಲ್ಲಿ ಪೋಲೆಂಡಿನ ವಿಜ್ಞಾನಿ ಗ್ಲಿವಿಚ್ ಇದನ್ನು ಕಂಡು 1986ರಲ್ಲಿ ಬರೆದರು. ಹುಣ್ಣಿಮೆ ಕಳೆದ ರಾತ್ರಿಗಳಲ್ಲಿ ಸೂರ್ಯ ಮುಳುಗಿ ಕತ್ತಲಾದೊಡನೆ ನೀರಿನ ಸೂಕ್ಷ್ಮಪ್ರಾಣಿಗಳು ಮೇಲ್ನೀರಿಗೆ ಬರುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಚಂದ್ರ ಮೂಡಿ ಅವು ಬಯಲಾಗುತ್ತವೆ, ಮೀನುಗಳು ಮುಗಿಬೀಳುತ್ತವೆ. ಕರೀಬಾ ಸರೋವರದಲ್ಲಿ ದೀಪವಿಟ್ಟು ಮೀನು ಹಿಡಿಯುವವರು ಹುಣ್ಣಿಮೆಯ ದಿನಗಳಲ್ಲಿ ಬಲೆ ಇಳಿಸದಿರುವುದೂ ಬೆಳಕಿನ ಕಾರಣಕ್ಕೇ. ಇದರಿಂದ ನಮ್ಮ ನಾಡಿಗೆ ಒಂದು ತೀರ್ಮಾನ ಹೊರಡುತ್ತದೆ ಎಂದು ನನ್ನ ನಂಬಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದ ಆಕಾಶದಲ್ಲಿ ತಿಥಿಯ ಬೆಲೆ ಅತ್ಯಲ್ಪ. ಡಿಸೆಂಬರ್‌ನಿಂದ ಏಪ್ರಿಲ್ ತನಕ, ಹಿನ್ನೀರು ತಿಳಿಯಾಗಿ ರಾತ್ರಿ ನಿಚ್ಚಳವಾಗಿದ್ದಾಗ, ಅದಕ್ಕೆ ಬೆಲೆಯಿದೆ.

ಹವೆಯ ಬಗ್ಗೆಯೂ ಒಂದು ಮಾತು. ವಾಯುಭಾರ ಕುಸಿದರೆ ಮೀನು ಕಚ್ಚುತ್ತದೆ, ಇಲ್ಲವೇ ಕಚ್ಚುವುದಿಲ್ಲ ಎಂದು ಎರಡೂ ಬಗೆಯಲ್ಲಿ ವಾದಿಸುತ್ತಾರೆ. 10 ಮಿಲಿಬಾರ್ ಇಳಿತವೆಂದರೆ ಮೀನು 10 ಸೆಂಟಿಮೀಟರ್ ಮೇಲೆ ಬಂದಷ್ಟೇ ವ್ಯತ್ಯಾಸ. ದಿನಕ್ಕೆ ನೂರು ಸಲ ಅದು ತಾನಾಗಿ ಏರಿಳಿಯುತ್ತದೆ. ಮೋಡದ ಮಬ್ಬು, ಗಾಳಿಗೆ ಕಲಕಿದ ಮೇಲ್ನೀರು, ತಾಪ ಇವೇ ನಿಜವಾದ ಕಾರಣಗಳು. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯದು ಸುಮಾರು 7.5 ಮಾತ್ರ. ಬೇಸಗೆಯಲ್ಲಿ ಮುಂಜಾವಿಗೇ ಗಾಳ ಹಿಡಿದು ಹೊರಡುವವರ ರೂಢಿ ಮಟಮಟ ಮಧ್ಯಾಹ್ನದ ಕಾವನ್ನೂ ಕಣ್ಣುಕೋರೈಸುವ ಬಿಸಿಲನ್ನೂ ತಪ್ಪಿಸುತ್ತದೆ.

ಈ ಮಳೆಯ ಪಂಚಾಂಗಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಅಣೆಕಟ್ಟುಗಳಿಂದ. 1911ರಲ್ಲಿ ಕಟ್ಟತೊಡಗಿದ ಕನ್ನಂಬಾಡಿಯಾದ ಮೇಲೆ ಕೆಳಗಿನ ಕಾವೇರಿಯ ಏರಿಳಿತ ಆರಿದ್ರೆಯನ್ನಷ್ಟೇ ಕೇಳುತ್ತಿಲ್ಲ, ಗೇಟನ್ನೂ ಕೇಳುತ್ತದೆ. ಬೇಸಗೆಯಲ್ಲಿ ನೀರು ಬಿಟ್ಟರೆ ಹೊಳೆ ತುಂಬುತ್ತದೆ, ಮುಂಗಾರಿನಲ್ಲಿ ಜಲಾಶಯ ತುಂಬುವ ತನಕ ಸೊರಗುತ್ತದೆ. ಕಾವೇರಿಯ ಡುಬ್ಬದ ಮಹಶೀರ್‌ಗೆ 2018ರಲ್ಲಿ ‘ಟಾರ್ ರೆಮಾದೇವಿ’ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಆ ಮೀನು ಕುಗ್ಗುತ್ತಿರುವುದನ್ನು ತೋರಿಸಿಕೊಟ್ಟದ್ದು ಗಾಳಗಾರರ ದಿನಚರಿ. 1998ರಿಂದ 2012ರ ತನಕ ಕಾವೇರಿ ದಂಡೆಯ ಗಾಳದ ಶಿಬಿರದಲ್ಲಿ 23,620 ಗಂಟೆ ಗಾಳ ಹಾಕಿ ಹಿಡಿದು ಮರಳಿ ಬಿಟ್ಟ 6,161 ಮಹಶೀರ್‌ಗಳ ಲೆಕ್ಕ ಬರೆದಿಟ್ಟಿದ್ದರಿಂದ ವಿಜ್ಞಾನಿಗಳಿಗೆ ಆಧಾರ ಸಿಕ್ಕಿತು. ಹತ್ತುಮೀನಿನ ಬಗ್ಗೆ ಇಂಥ ಬರಹ ನಮಗೆ ತುರ್ತಾಗಿ ಬೇಕು. ಮಲೆನಾಡಿನ, ಬಯಲುಸೀಮೆಯ ಹಿರಿಯ ಬೆಸ್ತರ ಬಾಯಿಂದ ಯಾವ ಮಳೆಗೆ ಯಾವ ಮೀನು ಎಂಬುದನ್ನು ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಮೀನುಗಾರಿಕೆ ಕಾಲೇಜುಗಳೂ ಕೂಡಿ ಬರೆದುಕೊಳ್ಳಬೇಕು. ಗಾಳ ಹಾಕುವವರು ದಿನಾಂಕ, ಮಳೆ, ನೀರಿನ ಬಣ್ಣ, ತಿಥಿ, ಸಿಕ್ಕ ಮೀನು ಇಷ್ಟನ್ನು ಒಂದು ಪುಸ್ತಕದಲ್ಲಿ ಗುರುತುಹಾಕಲಿ. ಮೊದಲ ಮಳೆಗೆ ಹತ್ತುವ ತತ್ತಿಮೀನನ್ನು ಹತ್ತಲು ಬಿಡಲಿ.