ಸಮವಸ್ತ್ರ ಒಂದೇ, ಸಂಬಳ ಎರಡು

ವಿಮಾನದಲ್ಲಿ ಕೆಲಸ ಅಂದರೆ ಕೈತುಂಬ ಸಂಬಳ ಎಂದು ನಮ್ಮೂರುಗಳಲ್ಲಿ ಇವತ್ತಿಗೂ ನಂಬಿಕೆಯಿದೆ. ಆದರೆ ಒಂದೇ ಕಂಪನಿಯಲ್ಲಿ, ಒಂದೇ ಸಮವಸ್ತ್ರ ತೊಟ್ಟು, ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಇದ್ದ ಕಾಲವೂ ಇತ್ತು. ಒಬ್ಬರು ಮೊದಲು ಸೇರಿದವರು, ಇನ್ನೊಬ್ಬರು ಆಮೇಲೆ ಬಂದವರು, ವ್ಯತ್ಯಾಸ ಇಷ್ಟೇ. ಈ ಪದ್ಧತಿ ಹೇಗೆ ಬಂತು, ಕೊನೆಗೆ ಯಾರಿಗೆ ಬಿಸಿ ಮುಟ್ಟಿಸಿತು ಎಂಬುದನ್ನು ನೋಡೋಣ.

ಅಮೆರಿಕದಲ್ಲಿ 1978ರವರೆಗೆ ವಿಮಾನದ ಟಿಕೆಟ್ ದರ, ಮಾರ್ಗ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. ಆ ವರ್ಷದ ಹೊಸ ಕಾನೂನು ಹಿಡಿತ ಸಡಿಲಿಸಿತು. ಕಡಿಮೆ ದರದ ಕಂಪನಿಗಳು ಪೈಪೋಟಿಗೆ ಇಳಿದವು. 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ದಾರಿ ಹುಡುಕಿತು: ಇರುವವರ ಸಂಬಳಕ್ಕೆ ಕೈ ಹಾಕುವುದಿಲ್ಲ, ಮುಂದೆ ಸೇರುವವರಿಗೆ ಮಾತ್ರ ಕಡಿಮೆ. ಇದಕ್ಕೆ 'ಬಿ ಸ್ಕೇಲ್' ಎಂಬ ಹೆಸರು ಬಿತ್ತು. ಯೂನಿಯನ್‌ಗಳು ಒಪ್ಪಿದವು. ಇನ್ನೂ ಕೆಲಸಕ್ಕೇ ಸೇರದವರಿಗೆ ಯೂನಿಯನ್‌ನಲ್ಲಿ ವೋಟು ಎಲ್ಲಿಂದ ಬರಬೇಕು?

ಇದೇ ಲೆಕ್ಕಾಚಾರ ಮುಂದೆ ಲಂಡನ್‌ನ ಬ್ರಿಟಿಷ್ ಏರ್‌ವೇಸ್‌ಗೂ ಬಂತು. 2009ರಲ್ಲಿ ನಷ್ಟದಲ್ಲಿದ್ದ ಕಂಪನಿ ದೂರದ ವಿಮಾನಗಳಲ್ಲಿ ಸಿಬ್ಬಂದಿಯನ್ನು 15ರಿಂದ 14ಕ್ಕೆ ಇಳಿಸಿತು. ಹೊಸಬರಿಗೆ ಕಡಿಮೆ ಸಂಬಳದ ಬೇರೆಯದೇ ತಂಡ ಕಟ್ಟುವುದಾಗಿಯೂ ಹೇಳಿತು. ಹಳಬರು ಸಿಟ್ಟಾದರು. ಕ್ರಿಸ್‌ಮಸ್ ಮುಷ್ಕರಕ್ಕೆ ನೂರಕ್ಕೆ 92ಕ್ಕೂ ಹೆಚ್ಚು ಮತ ಬಿತ್ತು. ಕೆಲಸ ಬಿಟ್ಟು ಹೊರಟವರಿಗೂ ಮತಪತ್ರ ಹೋಗಿತ್ತೆಂದು ನ್ಯಾಯಾಲಯ ಅದನ್ನು ತಡೆಯಿತು. ಆದರೂ 2010ರಲ್ಲಿ ಒಟ್ಟು 22 ದಿನ ಮುಷ್ಕರ ನಡೆಯಿತು. ಮುಷ್ಕರ ಹೂಡಿದವರ ಟಿಕೆಟ್ ರಿಯಾಯಿತಿಯನ್ನು ಕಂಪನಿ ಕಿತ್ತುಕೊಂಡಿತು. 2011ರಲ್ಲಿ ರಾಜಿಯಾದಾಗ ರಿಯಾಯಿತಿ ಮರಳಿತು. ಅಷ್ಟರಲ್ಲಿ 'ಮಿಕ್ಸ್ಡ್ ಫ್ಲೀಟ್' ಎಂಬ ಹೊಸಬರ ತಂಡ ಹಾರಾಟ ಶುರು ಮಾಡಿಯಾಗಿತ್ತು.

ಹಳಬರು, ಹೊಸಬರು ಬೇರೆ ಬೇರೆ ವಿಮಾನಗಳಲ್ಲಿ ಹೋಗುತ್ತಿದ್ದರು. ಒಬ್ಬರ ಕಷ್ಟ ಒಬ್ಬರಿಗೆ ಕಾಣುವುದೇ ಕಡಿಮೆ.

2017ರ ಜನವರಿಯಲ್ಲಿ ಮುಷ್ಕರದ ಸರದಿ ಹೊಸಬರದು. ಅವರ ಮೂಲ ವೇತನ ವರ್ಷಕ್ಕೆ 12,192 ಪೌಂಡ್, ಹಾರಾಟದ ಗಂಟೆಗೆ ಸುಮಾರು 3 ಪೌಂಡ್ ಭತ್ಯೆ. ಎಲ್ಲ ಸೇರಿ ಸರಾಸರಿ 16,000 ಎಂದು ಯೂನಿಯನ್ ಹೇಳಿತು, 21,000ಕ್ಕಿಂತ ಕಡಿಮೆ ಇಲ್ಲ ಎಂದು ಕಂಪನಿ ವಾದಿಸಿತು. ರೂಪಾಯಿಗೆ ಬದಲಿಸಿದರೆ ದೊಡ್ಡ ಮೊತ್ತವೇ. ಆದರೆ ಬಾಡಿಗೆ, ದಿನಸಿ ಎಲ್ಲವನ್ನೂ ಕೊಳ್ಳಬೇಕಾದದ್ದು ಲಂಡನ್ ದರದಲ್ಲಿ. ಹೊಸಬರು ಹೊರಗೆ ನಿಂತಾಗ ಹಳಬರ ವಿಮಾನಗಳು ಹಾರುತ್ತಲೇ ಇದ್ದವು. ಆ ಬೇಸಿಗೆಯಲ್ಲಿ ಕಂಪನಿ ಕತಾರ್ ಏರ್‌ವೇಸ್‌ನಿಂದ 9 ವಿಮಾನಗಳನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿತು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಸಂಬಳ ಒಂದಷ್ಟು ಏರಿತು. ಎರಡು ತಂಡ ಎರಡಾಗಿಯೇ ಉಳಿದವು.

ಆಮೇಲೆ ಕೊರೋನಾ ಬಂತು. 2020ರ ಏಪ್ರಿಲ್‌ನಲ್ಲಿ 12,000 ಜನರ ಕೆಲಸ ಹೋಗಬಹುದು ಎಂದು ಕಂಪನಿ ಪ್ರಕಟಿಸಿತು. ಉಳಿಯುವವರನ್ನೂ ಕೆಲಸದಿಂದ ತೆಗೆದು, ಹೊಸ ಷರತ್ತಿನ ಮೇಲೆ ಮರಳಿ ಸೇರಿಸಿಕೊಳ್ಳುವ ಮಾತು ಬಂತು. ಬ್ರಿಟನ್ ಸಂಸತ್ತಿನ ಸಾರಿಗೆ ಸಮಿತಿ ಕಂಪನಿಯ ನಡೆಯನ್ನು ದೇಶಕ್ಕೇ ಅವಮಾನ ಎಂದು ಟೀಕಿಸಿತು. ಕೊನೆಗೆ ತಂಡಗಳೆಲ್ಲ ಒಂದಾದವು. ಆದರೆ ಹೊಸಬರು ಹಳಬರ ಮಟ್ಟಕ್ಕೆ ಏರಲಿಲ್ಲ. ಹಳಬರಲ್ಲಿ ಬಹಳಷ್ಟು ಜನ ಕೆಲಸ ಬಿಟ್ಟರು, ಉಳಿದವರು ಕಡಿಮೆ ಸಂಬಳಕ್ಕೆ ಸಹಿ ಹಾಕಿದರು.

ಇದು ದೂರದ ಕಥೆ ಅನಿಸಬಹುದು. ನಮ್ಮ ರಾಜ್ಯದಲ್ಲೂ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಬಂತು, ಮೊದಲೇ ಇದ್ದವರಿಗೆ ಹಳೇ ಪಿಂಚಣಿ ಉಳಿಯಿತು. ಒಂದೇ ಶಾಲೆಯ ಇಬ್ಬರು ಮೇಷ್ಟ್ರನ್ನು ಕೇಳಿ ನೋಡಿ, ವ್ಯತ್ಯಾಸ ಅವರೇ ಹೇಳುತ್ತಾರೆ.

"ನಿಮಗೇನೂ ಆಗಲ್ಲ, ಇದು ಹೊಸಬರಿಗೆ ಮಾತ್ರ" ಎಂಬ ಮಾತು ನಿಮ್ಮ ಕೆಲಸದ ಜಾಗದಲ್ಲಿ ಕಿವಿಗೆ ಬಿದ್ದರೆ ಲಂಡನ್‌ನ ಆ ಹಳಬರನ್ನು ನೆನಪಿಸಿಕೊಳ್ಳಿ. ಅವರಿಗೂ ಹಾಗೇ ಹೇಳಿದ್ದರು. ಹತ್ತು ವರ್ಷ ಕಳೆಯಿತು, ಅಷ್ಟೇ.